ಇಂಕಾಗಳ ಕಣಿವೆಯಲ್ಲಿ ಒಂದು ದಿನ: ಅಮ್ಮನ ಜೊತೆ ಮೂರೇ ಜಾಗ ನೋಡಿ ಬಂದೆವು

ಆಗುಂಬೆಯವಳು | ಜೂನ್ 8, ರಾತ್ರಿ 9:14

ಕಳೆದ ವರ್ಷ ಇಲ್ಲಿಯೇ, ಅರವತ್ತಾರು ದಾಟಿದ ಅಮ್ಮನನ್ನು ದಕ್ಷಿಣ ಅಮೆರಿಕದ ಪೆರು ದೇಶದ ಬೆಟ್ಟಗಳಿಗೆ ಕರೆದುಕೊಂಡು ಹೋಗಬಹುದೇ ಎಂದು ಕೇಳಿದ್ದೆ. ಅರ್ಧ ಜನ ಧೈರ್ಯ ಹೇಳಿದಿರಿ, ಉಳಿದವರು ಆಮ್ಲಜನಕದ ಸಿಲಿಂಡರಿನ ಚಿತ್ರ ಹಾಕಿ ಹೆದರಿಸಿದಿರಿ. ಮೇ ತಿಂಗಳ ಕೊನೆಗೆ ಹೋಗಿ ಬಂದೆವು. ಸ್ಪೇನಿನವರು ಬರುವ ಮೊದಲು ಅಲ್ಲಿ ಆಳಿದ ಇಂಕಾಗಳ ಹಾಳೂರು ಮಾಚು ಪಿಚು ಬಗ್ಗೆ ಈ ವೇದಿಕೆಯಲ್ಲಿ ಬೇಕಾದಷ್ಟು ಬರಹಗಳಿವೆ, ಅದರ ತಂಟೆಗೆ ಹೋಗುವುದಿಲ್ಲ. ಅದರ ಹಿಂದಿನ ದಿನ ಉರುಬಾಂಬಾ ನದಿಯ ಕಣಿವೆಯಲ್ಲಿ ಸುತ್ತಿದ್ದನ್ನಷ್ಟೇ ಬರೆಯುತ್ತೇನೆ. ಊರಿಗೆ ಮರಳಿದ ಮೇಲೆ ಅಮ್ಮ ನೆರೆಮನೆಯವರಿಗೆ ಹೇಳುತ್ತಿರುವುದು ಆ ದಿನದ ಕಥೆಯನ್ನೇ.

ಮೊದಲು ಎತ್ತರದ ವಿಷಯ. ವಿಮಾನ ಇಳಿಯುವುದು ಕುಸ್ಕೊ ನಗರದಲ್ಲಿ, ಸುಮಾರು 3,400 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯೇ 1,930 ಮೀಟರ್ ಎಂದರೆ ಲೆಕ್ಕ ಹಾಕಿಕೊಳ್ಳಿ. ಹಾಗಾಗಿ ನಾವು ಕುಸ್ಕೊದಲ್ಲಿ ತಂಗಲಿಲ್ಲ. ನಿಲ್ದಾಣದಿಂದಲೇ ಟ್ಯಾಕ್ಸಿ ಹಿಡಿದು, ಸುಮಾರು ಐನೂರು ಮೀಟರ್ ಕೆಳಗಿರುವ ಉರುಬಾಂಬಾ ಊರಿಗೆ ಇಳಿದುಬಿಟ್ಟೆವು. ಮೊದಲ ದಿನ ಅಮ್ಮನಿಗೆ ತಲೆಭಾರ, ಊಟ ಸೇರಲಿಲ್ಲ. ಮನೆಯೊಡತಿ ಕೋಕಾ ಎಲೆ ಹಾಕಿದ ಬಿಸಿನೀರು ಕೊಟ್ಟಳು. ‘ಒಣಹುಲ್ಲು ನೆನೆಸಿದ ನೀರು’ ಎಂದು ಮುಖ ಸಿಂಡರಿಸಿದರೂ ಅಮ್ಮ ಎರಡು ಲೋಟ ಕುಡಿದಳು. ಮೂರನೆಯ ಬೆಳಗ್ಗೆ ನನಗಿಂತ ಮೊದಲು ಎದ್ದು ಸ್ನಾನ ಮಾಡಿ ಕುಳಿತಿದ್ದಳು.

ಊರಿನಲ್ಲಿ ಎಲ್ಲರೂ ಮಾರುವುದು ‘ಒಂದೇ ದಿನ, ಐದು ಜಾಗ, ಮಧ್ಯಾಹ್ನದ ಊಟ ಸೇರಿ’ ಎಂಬ ಬಸ್ ಪ್ರವಾಸವನ್ನು. ನಾವು ಅದನ್ನು ಬೇಡವೆಂದು ಇಡೀ ದಿನಕ್ಕೆ ಒಂದು ಟ್ಯಾಕ್ಸಿ ಗೊತ್ತುಮಾಡಿ ಮೂರೇ ಜಾಗ ಹೇಳಿದೆವು: ಮೊರಾಯ್, ಮರಾಸ್ ಉಪ್ಪಿನ ಆಗರ, ಒಯಾಂತೈತಾಂಬೊ. ಚಾಲಕ ಎರಡು ಸಲ ಕೇಳಿದ, ‘ಮೂರೇ?’

ಮೊರಾಯ್ ತಲುಪಿದಾಗ ಹುಲ್ಲಿನ ಮೇಲೆ ಇನ್ನೂ ಇಬ್ಬನಿ ಹೆಪ್ಪುಗಟ್ಟಿತ್ತು. ಒಂದು ಬಸ್ಸೂ ಬಂದಿರಲಿಲ್ಲ. ಬಯಲಿನಂಥ ಪ್ರಸ್ಥಭೂಮಿ, ಆಚೆ ಬೆಳ್ಳಗೆ ಹಿಮ ಹೊದ್ದ ಚಿಕೋನ್ ಮತ್ತು ವೆರೋನಿಕಾ ಶಿಖರಗಳು. ನಡೆಯುತ್ತಾ ನಡೆಯುತ್ತಾ ಇದ್ದಕ್ಕಿದ್ದಂತೆ ಕಾಲ ಬುಡದಲ್ಲಿ ನೆಲವೇ ಬಟ್ಟಲಾಗಿ ಇಳಿದುಹೋಗುತ್ತದೆ. ಒಂದರೊಳಗೊಂದು ಉಂಗುರದಂತೆ ಕಟ್ಟಿದ ಕಲ್ಲಿನ ಮೆಟ್ಟಿಲುಗದ್ದೆಗಳು, ದೊಡ್ಡ ಬಟ್ಟಲಿನ ಆಳ ಸುಮಾರು ಮೂವತ್ತು ಮೀಟರ್. ಅಮ್ಮ ಅಂಚಿನಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, ‘ಇಷ್ಟು ದೊಡ್ಡ ಒರಳಿಗೆ ಗುಂಡು ಎಲ್ಲಿ?’ ಎಂದಳು. ಒಂದು ಗದ್ದೆಯಿಂದ ಇನ್ನೊಂದಕ್ಕೆ ಇಳಿಯಲು ಗೋಡೆಯಿಂದಲೇ ಉದ್ದನೆಯ ಕಲ್ಲುಗಳು ಓರೆಯಾಗಿ ಚಾಚಿಕೊಂಡಿವೆ. ನಮ್ಮ ಹಳೆಯ ಬಾವಿಗಳ ಒಳಗೋಡೆಯಲ್ಲಿ ಹೂಳೆತ್ತಲು ಇಳಿಯುವವರಿಗೆ ಬಿಟ್ಟಿರುತ್ತಾರಲ್ಲ, ಅಂಥವೇ. ಈಗ ಕೆಳಗೆ ಇಳಿಯಲು ಬಿಡುವುದಿಲ್ಲ, ಅಂಚಿನಲ್ಲೇ ಸುತ್ತು ಹಾಕಬೇಕು. ನಾವು ಒಂದೂವರೆ ಗಂಟೆ ಸುತ್ತಿದೆವು. ಹೊರಡುವಾಗ ಮೊದಲ ಬಸ್ ಬಂತು. ಜನ ಇಳಿದರು, ಚಿತ್ರ ತೆಗೆದರು, ನಾನು ಶೌಚಾಲಯಕ್ಕೆ ಹೋಗಿ ಬರುವಷ್ಟರಲ್ಲಿ ಬಸ್ ಹೊರಟೇ ಹೋಗಿತ್ತು.

ಮರಾಸ್ ಬಗ್ಗೆ ನನಗಿಂತ ಚೆನ್ನಾಗಿ ಹೇಳಬಲ್ಲವರು ಇಲ್ಲಿದ್ದಾರೆ, ಆಗರದ ಹುಡುಗನನ್ನು ಕರೆಯಿರಿ. ನನಗೆ ಕಂಡದ್ದು ಇಷ್ಟು: ಕೆಂಪು ಬೆಟ್ಟದ ಇಳಿಜಾರಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಪುಟ್ಟ ಪುಟ್ಟ ಕಟ್ಟೆಗಳು, ಕೆಲವು ಕಂದು, ಕೆಲವು ಹಾಲುಬಿಳುಪು. ಬೆಟ್ಟದೊಳಗಿನ ಉಪ್ಪಿನ ಪದರವನ್ನು ಹಾದು ಬರುವ ಒಂದೇ ಒಂದು ಬುಗ್ಗೆ ಅಷ್ಟಕ್ಕೂ ನೀರು ಕೊಡುತ್ತದೆ. ದಾರಿಯ ಪಕ್ಕದಲ್ಲೇ ಹರಿಯುವ ಅಂಗೈಯಗಲದ ಕಾಲುವೆಗೆ ಅಮ್ಮ ಬೆರಳದ್ದಿ ನಾಲಿಗೆಗೆ ಮುಟ್ಟಿಸಿ ಕಣ್ಣು ಮುಚ್ಚಿದಳು. ‘ಇದು ಸಮುದ್ರಕ್ಕಿಂತ ಜಾಸ್ತಿ.’

ಒಯಾಂತೈತಾಂಬೊದಲ್ಲಿ ಅಮ್ಮ ಮೆಟ್ಟಿಲು ಹತ್ತಲು ಒಪ್ಪಲಿಲ್ಲ. ನಾನು ಒಬ್ಬಳೇ ಕೋಟೆಯಂಥ ಆ ಇಳಿಜಾರು ಹತ್ತಿ, ಆಳೆತ್ತರದ ಎರಡರಷ್ಟಿರುವ ಆರು ಗುಲಾಬಿ ಬಂಡೆಗಳ ಗೋಡೆಯ ಮುಂದೆ ಕುಳಿತೆ. ಬಂಡೆ ಬಂಡೆಯ ನಡುವೆ ಪುಸ್ತಕದ ಬೆನ್ನಿನಂಥ ತೆಳ್ಳನೆಯ ಕಲ್ಲಿನ ಪಟ್ಟಿಗಳನ್ನು ಕೂರಿಸಿದ್ದಾರೆ. ಏಕೆ ಎಂದು ತಿಳಿಯಲಿಲ್ಲ, ಕಲ್ಲುಕುಟಿಗರು ಹೇಳಬೇಕು. ಕೆಳಗಿಳಿದು ಬಂದಾಗ ಅಮ್ಮ ಹಳೆಯ ಪೇಟೆಯ ಓಣಿಯಲ್ಲಿ, ಕಲ್ಲುಕಾಲುವೆಯ ಪಕ್ಕದ ಜಗಲಿಯಲ್ಲಿ, ಅಲ್ಲಿಯ ಒಬ್ಬ ಹೆಂಗಸಿನ ಜೊತೆ ಕುಳಿತಿದ್ದಳು. ಇಬ್ಬರ ನಡುವೆ ಬೇಯಿಸಿದ ದೊಡ್ಡ ಅವರೆಯಂಥ ಕಾಳಿನ ಬುಟ್ಟಿ. ಅಮ್ಮನ ತವರು ಚನ್ನರಾಯಪಟ್ಟಣದ ಕಡೆ. ಹೆಬ್ಬೆರಳು ತೋರುಬೆರಳಿನ ನಡುವೆ ಕಾಳನ್ನು ಹಿತುಕಿ ಸಿಪ್ಪೆಯಿಂದ ಪುಳಕ್ಕನೆ ಹಾರಿಸುತ್ತಿದ್ದಳು. ಆ ಹೆಂಗಸು ಹಲ್ಲಿನಲ್ಲಿ ಸಿಪ್ಪೆ ಕಚ್ಚಿ ತೆಗೆಯುವ ತನ್ನ ವಿಧಾನ ಬಿಟ್ಟು ಇದನ್ನು ಕಲಿಯುತ್ತಿದ್ದಳು. ಒಬ್ಬರದು ಕನ್ನಡ, ಇನ್ನೊಬ್ಬರದು ಕೆಚುವಾ. ಅರ್ಧ ಗಂಟೆ ನಾನು ಅಲ್ಲಿ ಬೇಡವಾಗಿದ್ದೆ.

ಐದು ಜಾಗದ ಬಸ್ಸಿನಲ್ಲಿ ಇದಕ್ಕೆ ಸಮಯ ಎಲ್ಲಿತ್ತು ಹೇಳಿ.

---

ಅರ್ಧ ಟಿಕೆಟ್ | ಜೂನ್ 8, ರಾತ್ರಿ 10:02

ಬರಹ ಚೆನ್ನಾಗಿದೆ ಅಕ್ಕ, ಆದರೆ ತಕರಾರು ಇದೆ. ಇಡೀ ದಿನದ ಟ್ಯಾಕ್ಸಿ ಎಲ್ಲರಿಗೂ ಎಟುಕುವುದಿಲ್ಲ. ನಾನು ಕುಸ್ಕೊದಿಂದ ಹಂಚಿಕೆಯ ವ್ಯಾನುಗಳಲ್ಲೇ ಹೋಗಿದ್ದೆ. ಅಲ್ಲಿ ಅವನ್ನು ಕೊಲೆಕ್ತೀವೊ ಎನ್ನುತ್ತಾರೆ. ನಮ್ಮ ಟೆಂಪೋಗಳ ಹಾಗೆಯೇ, ಸೀಟು ತುಂಬಿದ ಮೇಲೆ ಹೊರಡುತ್ತವೆ, ನಾನು ಹೋದಾಗ ಹತ್ತು ಹದಿನೈದು ಸೋಲ್‌ಗೆ (ಸೋಲ್ ಎಂದರೆ ಅಲ್ಲಿಯ ಹಣ) ಒಯಾಂತೈತಾಂಬೊ ಮುಟ್ಟಿಸುತ್ತಿದ್ದವು. ಇನ್ನು ನೀವು ಪಿಸಾಕ್ ಬಿಟ್ಟದ್ದು ದೊಡ್ಡ ತಪ್ಪು. ಬೆಟ್ಟದ ಮೈಗೆ ಮೈಯೇ ಮೆಟ್ಟಿಲುಗದ್ದೆ, ಎದುರಿನ ಬಂಡೆಯ ತುಂಬ ಗೋರಿಗಳ ತೂತುಗಳು, ಎಲ್ಲವೂ ಎಂದೋ ಲೂಟಿಯಾದವು. ನಾನು ಮೇಲಿನಿಂದ ಊರಿನ ಸಂತೆಯವರೆಗೆ ನಡೆದು ಇಳಿದೆ, ಎರಡು ಗಂಟೆ. ನನ್ನ ಇಡೀ ಪ್ರವಾಸದಲ್ಲಿ ಅದಕ್ಕಿಂತ ಒಳ್ಳೆಯ ನಡಿಗೆ ಇಲ್ಲ.

ಹೋಗುವವರಿಗೆ ಟಿಕೆಟಿನ ಲೆಕ್ಕ: ಈ ಜಾಗಗಳಿಗೆ ಬಿಡಿ ಟಿಕೆಟ್ ಇಲ್ಲ, ಪ್ರವಾಸಿ ಚೀಟಿ ಎಂಬ ಒಟ್ಟು ಟಿಕೆಟ್ ಕೊಳ್ಳಬೇಕು. ನಾನು ಹೋದಾಗ ಹದಿನಾರು ಜಾಗಗಳದ್ದು, ಹತ್ತು ದಿನ ನಡೆಯುವಂಥದ್ದು 130 ಸೋಲ್. ಪಿಸಾಕ್, ಒಯಾಂತೈತಾಂಬೊ, ಚಿಂಚೇರೊ, ಮೊರಾಯ್ ನಾಲ್ಕಕ್ಕೆ ಮಾತ್ರ ಎರಡು ದಿನದ್ದು 70 ಸೋಲ್. ಒಂದು ಜಾಗಕ್ಕೆ ಒಂದೇ ಸಲ ಪ್ರವೇಶ. ಮರಾಸ್ ಉಪ್ಪಿನ ಆಗರ ಇದರಲ್ಲಿ ಸೇರಿಲ್ಲ, ಅದು ಅಲ್ಲಿಯ ಊರವರದು, ಬೇರೆ ದುಡ್ಡು.

---

ಆಗುಂಬೆಯವಳು | ಜೂನ್ 8, ರಾತ್ರಿ 10:20

ಅರ್ಧ ಟಿಕೆಟ್, ನೀವು ವ್ಯಾನಿನಲ್ಲಿ ಹೋಗಿ ಎರಡು ಗಂಟೆ ನಡೆದು ಇಳಿದಿರಲ್ಲ, ಅದೇ ನನ್ನ ಮಾತು. ದುಡ್ಡಿನದಲ್ಲ, ಹೊತ್ತಿನದು. ಮರುದಿನ ರೈಲು ನಿಲ್ದಾಣದಲ್ಲಿ ಸಿಕ್ಕ ಬೆಂಗಳೂರಿನ ದಂಪತಿ ಆ ಬಸ್ ಪ್ರವಾಸ ಮಾಡಿದ್ದರು. ಉಣ್ಣೆಯ ಅಂಗಡಿಯಲ್ಲಿ ನಲವತ್ತು ನಿಮಿಷ, ಬೆಳ್ಳಿಯ ಅಂಗಡಿಯಲ್ಲಿ ಅರ್ಧ ಗಂಟೆ, ಒಯಾಂತೈತಾಂಬೊದಲ್ಲಿ ಐವತ್ತು ನಿಮಿಷ. ಆ ಐವತ್ತರಲ್ಲಿ ಶೌಚಾಲಯದ ಸಾಲೂ ಸೇರಿತ್ತಂತೆ. ಪಿಸಾಕ್ ಬಿಟ್ಟದ್ದಕ್ಕೆ ನನಗೂ ಹೊಟ್ಟೆಯುರಿ ಇದೆ, ಅದನ್ನು ಇನ್ನಷ್ಟು ಉರಿಸಬೇಡಿ.

---

ಸೊಪ್ಪು ಸಾರು | ಜೂನ್ 9, ಬೆಳಗ್ಗೆ 7:31

ಊಟಕ್ಕೆ ಏನು ಮಾಡಿದಿರಿ? ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ಅವಲಕ್ಕಿ ಕಟ್ಟಿಕೊಂಡು ಹೋಗಬೇಕೇ?

---

ಆಗುಂಬೆಯವಳು | ಜೂನ್ 9, ಬೆಳಗ್ಗೆ 8:10

ಅವಲಕ್ಕಿ ಕಟ್ಟಿಕೊಳ್ಳಿ, ನಷ್ಟವಿಲ್ಲ. ಆದರೆ ಉಪವಾಸ ಬೀಳುವುದಿಲ್ಲ. ಹೆಬ್ಬೆರಳ ಉಗುರಿನಷ್ಟು ದಪ್ಪ ಕಾಳಿನ ಬೇಯಿಸಿದ ಜೋಳ, ಜೊತೆಗೆ ಒಂದು ತುಂಡು ಚೀಸ್, ರಸ್ತೆ ಬದಿಯಲ್ಲೇ ಸಿಗುತ್ತದೆ. ಅದನ್ನು ಚೋಕ್ಲೊ ಎನ್ನುತ್ತಾರೆ. ನಮ್ಮ ಮುಸುಕಿನ ಜೋಳದ ಸಿಹಿ ಇಲ್ಲ, ಹಿಟ್ಟುಹಿಟ್ಟು, ಹೊಟ್ಟೆ ತುಂಬುತ್ತದೆ. ಕಿನುವಾ ಎಂಬ ಸಣ್ಣ ಕಾಳಿನ ಸೂಪು ಎಲ್ಲ ಕಡೆ ಇದೆ, ಎಚ್ಚರ ಬೇಕಾದದ್ದು ಅಲ್ಲಿಯೇ. ‘ಮಾಂಸ ಬೇಡ’ ಎಂದರೆ ದನದ ಮಾಂಸ ಬೇಡ ಎಂದಷ್ಟೇ ಅರ್ಥ ಮಾಡಿಕೊಳ್ಳುತ್ತಾರೆ. ಕೋಳಿ ಬೇಡ, ಮೀನು ಬೇಡ, ಕೋಳಿ ಬೇಯಿಸಿದ ನೀರೂ ಬೇಡ ಎಂದು ಒಂದೊಂದಾಗಿ ಹೇಳಬೇಕು. ನಾನು ಚೀಟಿಯಲ್ಲಿ ಸ್ಪ್ಯಾನಿಷ್‌ನಲ್ಲಿ ಬರೆದುಕೊಂಡಿದ್ದೆ. ಕೆಲವು ಹೋಟೆಲುಗಳ ಮುಂದೆ ಗಿನಿಯಿಲಿಯನ್ನು ಇಡಿಯಾಗಿ ಕಡ್ಡಿಗೆ ಚುಚ್ಚಿ ಸುಡುತ್ತಿರುತ್ತಾರೆ. ಅಮ್ಮ ಸೆರಗು ಮುಖಕ್ಕೆ ಹಿಡಿದು ರಸ್ತೆಯ ಆಚೆ ಬದಿಗೆ ಹೋದಳು.

---

ಆಕಾಶಗಾಮಿ | ಜೂನ್ 9, ಬೆಳಗ್ಗೆ 11:45

ಊಟ ತಿಂಡಿ ಇರಲಿ. ಆ ಆರು ಬಂಡೆಗಳ ಬಗ್ಗೆ ಯಾರೂ ಮಾತಾಡುವುದಿಲ್ಲವಲ್ಲ! ಒಂದೊಂದೂ ಐವತ್ತು ಟನ್‌ಗೂ ಹೆಚ್ಚು ಎಂದು ಅಂದಾಜು. ಕಬ್ಬಿಣವಿಲ್ಲ, ಚಕ್ರವಿಲ್ಲ, ಎತ್ತಿಲ್ಲ, ಕುದುರೆಯಿಲ್ಲ. ಅಲ್ಲಿದ್ದ ಲಾಮಾ ಎಂಬ ಪ್ರಾಣಿ ಹೊರುವುದು ಇಪ್ಪತ್ತೈದು ಮೂವತ್ತು ಕಿಲೋ. ಹಾಗಾದರೆ ಬೆಟ್ಟದ ಮೇಲೆ ಇವನ್ನು ಯಾರು ಇಟ್ಟರು? ಬ್ಲೇಡು ತೂರದ ಸಂದು ಕೈಕೆಲಸವೇ? ಒಂದೋ ಬೇರೆ ಲೋಕದವರು, ಇಲ್ಲವೋ ನಮ್ಮ ಕಡೆಯಿಂದ ಹೋದ ವಿಶ್ವಕರ್ಮರು. ಬೇರೆ ಉತ್ತರ ಇದ್ದರೆ ಹೇಳಿ.

---

ಕಲ್ಲುಕುಟಿಗ | ಜೂನ್ 9, ಮಧ್ಯಾಹ್ನ 3:26

ಇದೆ, ಹೇಳುತ್ತೇನೆ. ನಾನು ಇಪ್ಪತ್ತೆರಡು ವರ್ಷದಿಂದ ಕಲ್ಲಿನ ಗುತ್ತಿಗೆ ಮಾಡುವವನು, ಒಯಾಂತೈತಾಂಬೊದಲ್ಲಿ ಮೂರು ದಿನ ಬೇರೇನೂ ನೋಡದೆ ಗೋಡೆಗಳನ್ನೇ ನೋಡಿದವನು. ಹೆಂಡತಿ ಇಂದಿಗೂ ಕ್ಷಮಿಸಿಲ್ಲ.

ಕಲ್ಲು ಎಲ್ಲಿಂದ ಬಂತು ಎಂಬುದು ಗುಟ್ಟೇ ಅಲ್ಲ. ನದಿಯ ಆಚೆ ದಡದ ಬೆಟ್ಟದ ಮೇಲೆ ಕಚಿಕ್ಹಾಟಾ ಎಂಬ ಗಣಿ ಇದೆ. ಅಲ್ಲಿ ಅದೇ ಗುಲಾಬಿ ಬಣ್ಣದ ರಯೊಲೈಟ್ ಕಲ್ಲಿನ ಬಂಡೆಗಳು ಇನ್ನೂ ಬಿದ್ದಿವೆ, ಅರ್ಧ ಕೆತ್ತಿದವೂ ಇವೆ. ಅಲ್ಲಿಂದ ಇಳಿಯುವ ದಾರಿಯೂ ಉಳಿದಿದೆ. ಆ ದಾರಿಯುದ್ದಕ್ಕೂ, ಗೋಡೆ ತಲುಪದೆ ನಡುವೆಯೇ ನಿಂತುಹೋದ ಹತ್ತಾರು ಬಂಡೆಗಳಿವೆ. ಊರವರು ಅವನ್ನು ‘ದಣಿದ ಕಲ್ಲುಗಳು’ ಎನ್ನುತ್ತಾರೆ. ಗೋಡೆಯ ಕೆಲಸ ಮುಗಿಯಲೇ ಇಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಬೇರೆ ಲೋಕದವರಾಗಿದ್ದರೆ ಅರ್ಧ ದಾರಿಯಲ್ಲಿ ಏಕೆ ಬಿಟ್ಟುಹೋಗುತ್ತಿದ್ದರು?

ಇನ್ನು ಕೆತ್ತನೆ. ಬರ್ಕ್ಲಿ ವಿಶ್ವವಿದ್ಯಾಲಯದ ಜಾನ್-ಪಿಯೆರ್ ಪ್ರೋಟ್ಜೆನ್ ಎಂಬ ವಾಸ್ತುಶಿಲ್ಪದ ಪ್ರಾಧ್ಯಾಪಕರು 1980ರ ದಶಕದಲ್ಲಿ ಈ ಗಣಿಗಳನ್ನೆಲ್ಲ ಸುತ್ತಿ, ಇಂಕಾಗಳು ಬಳಸಿದಂಥ ಗುಂಡುಕಲ್ಲು ಹಿಡಿದು ತಾವೇ ಬಂಡೆ ಕುಟ್ಟಿ ನೋಡಿದರು. ನಾಲ್ಕು ಕಿಲೋ ತೂಕದ ಗಟ್ಟಿ ಗುಂಡನ್ನು ಬಂಡೆಯ ಮೇಲೆ ಬೀಳಿಸುವುದು, ಪುಟಿದಾಗ ಹಿಡಿಯುವುದು, ಮತ್ತೆ ಬೀಳಿಸುವುದು. ಗುಂಡೇ ಕೆಲಸ ಮಾಡುತ್ತದೆ, ತೋಳಲ್ಲ. ಒಂದೆರಡು ಗಂಟೆಯಲ್ಲಿ ಸಾಧಾರಣ ಗಾತ್ರದ ಕಲ್ಲಿನ ಮುಖ ಸಮವಾಯಿತು. ಅಂಚಿಗೆ ಬಂದಾಗ ಸಣ್ಣ ಗುಂಡು ಬೇಕು, ಇಲ್ಲದಿದ್ದರೆ ಅಂಚು ಹಾರುತ್ತದೆ. ಕುಸ್ಕೊದ ಯಾವ ಗೋಡೆಗಾದರೂ ಹೋಗಿ ಓರೆಬಿಸಿಲಿನಲ್ಲಿ ನೋಡಿ: ಕಲ್ಲಿನ ನಡುವೆ ದೊಡ್ಡ ಕಚ್ಚುಗಳು, ಅಂಚಿನ ಕಡೆಗೆ ಸಣ್ಣ ಸಣ್ಣ ಕಚ್ಚುಗಳು. ಕೈ ಗುರುತು ಅದು. ಹಂಪಿಯ ಬಂಡೆಗಳ ಮೇಲೆ ಸಾಲಾಗಿ ಹೊಡೆದ ಚೌಕ ಗುಳಿಗಳನ್ನು ನೋಡಿದ್ದೀರಲ್ಲ? ನಮ್ಮವರ ಬಳಿ ಕಬ್ಬಿಣದ ಉಳಿ ಇತ್ತು, ಬಂಡೆಯನ್ನು ಗುಳಿ ಹೊಡೆದು ಸೀಳಿದರು. ಇವರ ಬಳಿ ಇರಲಿಲ್ಲ, ಕುಟ್ಟಿದರು. ಎರಡೂ ಸಾಮ್ರಾಜ್ಯ ಹೆಚ್ಚುಕಡಿಮೆ ಒಂದೇ ಕಾಲದವು. ಕೃಷ್ಣದೇವರಾಯ ಆಳುತ್ತಿದ್ದಾಗ ಅಲ್ಲಿ ಹುವಾಯ್ನಾ ಕಾಪಾಕ್ ಆಳುತ್ತಿದ್ದ. ಒಬ್ಬರಿಗೊಬ್ಬರ ಸುದ್ದಿ ಗೊತ್ತಿರಲಿಲ್ಲ. ವಿಶ್ವಕರ್ಮರನ್ನು ಹಡಗು ಹತ್ತಿಸುವ ಅಗತ್ಯವಿಲ್ಲ.

ಸಾಗಾಟ ಎಂದರೆ ಜನಬಲ. ಸರದಿಯ ಮೇಲೆ ಊರೂರಿನಿಂದ ಆಳು ಕರೆಸುವ ಪದ್ಧತಿ ಅವರದ್ದು, ಮಿತಾ ಎಂದು ಹೆಸರು. ಅರಸೊತ್ತಿಗೆಯೇ ಉಣಿಸಿ, ಮೆಕ್ಕೆಜೋಳದ ಹೆಂಡ ಕುಡಿಸಿ ದುಡಿಸುತ್ತಿತ್ತು. ಬಂಡೆಗಳ ಒಂದು ಮೈಯಲ್ಲಿ ಉದ್ದುದ್ದ ಗೀರುಗಳಿರುವುದನ್ನೂ ಪ್ರೋಟ್ಜೆನ್ ಗುರುತಿಸಿದ್ದಾರೆ. ನೆಲದ ಮೇಲೆ ಎಳೆದ ಗುರುತು.

ಆಗುಂಬೆಯವರು ಕೇಳಿದ ತೆಳ್ಳನೆಯ ಪಟ್ಟಿಗಳ ಬಗ್ಗೆ ನನ್ನ ಕಸುಬಿನ ಊಹೆ ಮಾತ್ರ ಹೇಳಬಲ್ಲೆ. ಅಷ್ಟು ದೊಡ್ಡ ಎರಡು ಬಂಡೆಗಳನ್ನು ನೇರವಾಗಿ ಒಂದಕ್ಕೊಂದು ಹೊಂದಿಸಬೇಕಾದರೆ ಎತ್ತಿ, ಇಟ್ಟು, ತೆಗೆದು, ಕುಟ್ಟಿ, ಮತ್ತೆ ಇಡಬೇಕು. ನಡುವೆ ಪಟ್ಟಿ ಬಿಟ್ಟರೆ ಬಂಡೆ ಅಲುಗಿಸುವ ಕೆಲಸವಿಲ್ಲ, ಪಟ್ಟಿಯನ್ನು ಮಾತ್ರ ಸವರಿ ಕೂರಿಸಿದರಾಯಿತು. ನಾವು ಚೌಕಟ್ಟಿನ ಸಂದಿಗೆ ಚಕ್ಕೆ ಹೊಡೆಯುವುದಿಲ್ಲವೇ, ಹಾಗೆ.

---

ಆಕಾಶಗಾಮಿ | ಜೂನ್ 9, ಸಂಜೆ 5:50

ಸಾಧಾರಣ ಗಾತ್ರದ ಕಲ್ಲು ಒಂದೆರಡು ಗಂಟೆಯಲ್ಲಿ ಎಂದಿರಿ. ಐವತ್ತು ಟನ್ ಬಂಡೆಯ ಲೆಕ್ಕ ಹೇಳಲಿಲ್ಲ.

---

ಕಲ್ಲುಕುಟಿಗ | ಜೂನ್ 9, ಸಂಜೆ 6:15

ಹೆಚ್ಚು ಗಂಟೆ.

---

ಆಗರದ ಹುಡುಗ | ಜೂನ್ 9, ರಾತ್ರಿ 9:40

ಅಕ್ಕ ಕರೆದದ್ದು ಈಗ ನೋಡಿದೆ. ನಾನು ಕುಮಟಾ ತಾಲ್ಲೂಕಿನವನು, ಸಾಣಿಕಟ್ಟೆಯ ಆಗರಗಳ ನಡುವೆಯೇ ಆಡಿ ಬೆಳೆದವನು. ಮರಾಸ್‌ಗೆ ಎರಡು ವರ್ಷದ ಹಿಂದೆ ಹೋಗಿದ್ದೆ. ಜೊತೆಗಿದ್ದವರೆಲ್ಲ ‘ಎಂಥ ವಿಚಿತ್ರ’ ಎಂದು ಬಾಯಿ ಬಿಡುತ್ತಿದ್ದರೆ ನನಗೆ ಅಜ್ಜನ ಮನೆಗೆ ಬಂದ ಹಾಗಾಯಿತು.

ಕೆಲಸ ಒಂದೇ. ನಮ್ಮಲ್ಲಿ ಅಘನಾಶಿನಿಯ ಹಿನ್ನೀರನ್ನು ಭರತದ ಹೊತ್ತಿಗೆ ಒಳಗೆ ಬಿಟ್ಟುಕೊಂಡು ಪಾತಿಯಿಂದ ಪಾತಿಗೆ ದಾಟಿಸುತ್ತಾರೆ. ಅಲ್ಲಿ ಬುಗ್ಗೆಯ ನೀರನ್ನು ಮೇಲಿನಿಂದ ಕೆಳಕ್ಕೆ ಇಳಿಸುತ್ತಾರೆ. ಪ್ರತಿ ಪಾತಿಯ ಬಾಯಿಗೆ ಒಂದು ಕಲ್ಲು ಅಥವಾ ಮಣ್ಣಿನ ಮುದ್ದೆ. ಅದನ್ನು ಸರಿಸಿದರೆ ನೀರು ಒಳಗೆ, ಒತ್ತಿದರೆ ಮುಂದಿನವರ ಪಾಲಿಗೆ. ನೀರು ಒಂದು ಗೇಣೂ ನಿಲ್ಲುವುದಿಲ್ಲ. ಬಿಸಿಲಿಗೆ ಆರಿದ ಮೇಲೆ ಮತ್ತೆ ತುಂಬಿಸಿ, ಮತ್ತೆ ಆರಿಸಿ, ಪದರದ ಮೇಲೆ ಪದರ ಕಟ್ಟಿದ ಮೇಲೆ ಕೆರೆದು ತೆಗೆಯುತ್ತಾರೆ. ನಾನು ನೋಡಿದ ದಿನ ಒಬ್ಬಾತ ಬರಿಗಾಲಲ್ಲಿ ಪಾತಿಯೊಳಗೆ ನಿಂತು, ಮರದ ಹಲಗೆಯಿಂದ ನೆಲವನ್ನು ತಟ್ಟುತ್ತಿದ್ದ. ತಳದ ಕೆಸರು ಉಪ್ಪಿಗೆ ಹತ್ತಬಾರದೆಂದು ಹಾಗೆ ಗಟ್ಟಿ ಮಾಡುವುದು. ನಮ್ಮಲ್ಲೂ ಹಂಗಾಮಿನ ಮೊದಲು ಆಗರದ ನೆಲವನ್ನು ತುಳಿದು ತಟ್ಟಿ ಹದ ಮಾಡದೆ ನೀರು ಬಿಡುವುದಿಲ್ಲ. ನಾನು ಕೈಸನ್ನೆಯಲ್ಲಿ ‘ನಮ್ಮ ಊರಲ್ಲೂ ಹೀಗೇ’ ಎಂದೆ. ಆತ ನಂಬಲಿಲ್ಲ. ಮೊಬೈಲಿನಲ್ಲಿ ಸಾಣಿಕಟ್ಟೆಯ ಉಪ್ಪಿನ ರಾಶಿಗಳ ಚಿತ್ರ ತೋರಿಸಿದೆ. ಆಮೇಲೆ ಹಲಗೆಯನ್ನು ನನ್ನ ಕೈಗೆ ಕೊಟ್ಟ. ನಾಲ್ಕು ಏಟು ಹಾಕಿದೆ, ಆತ ನಕ್ಕು ಹಲಗೆ ವಾಪಸ್ ಇಸಿದುಕೊಂಡ. ನನ್ನ ಕೈ ಸರಿಯಿರಲಿಲ್ಲ ಎಂದು ಕಾಣುತ್ತದೆ.

ಪಾತಿಗಳು ಮರಾಸ್ ಮತ್ತು ಪಿಚಿಂಗೋಟೊ ಊರುಗಳ ಕುಟುಂಬಗಳ ಸೊತ್ತು. ಇಂಕಾಗಳಿಗಿಂತ ಮೊದಲೇ ಇಲ್ಲಿ ಉಪ್ಪು ತೆಗೆಯುತ್ತಿದ್ದರು ಎನ್ನುತ್ತಾರೆ. 2019ರಿಂದ ಪ್ರವಾಸಿಗರನ್ನು ಪಾತಿಗಳ ನಡುವಿನ ಬದುಗಳ ಮೇಲೆ ನಡೆಯಲು ಬಿಡುತ್ತಿಲ್ಲ. ಜನ ಚಪ್ಪಲಿ ಕಾಲು ಅದ್ದುತ್ತಿದ್ದರು, ತಿಂಡಿಯ ಕಾಗದ ಬಿಸಾಡುತ್ತಿದ್ದರು. ನನ್ನನ್ನು ಒಳಗೆ ಬಿಟ್ಟದ್ದು ಆ ಹಲಗೆಯವನ ಕೃಪೆ, ಅದೂ ಅಂಚಿನ ಪಾತಿ. ಒಳಗೆ ಬಿಡಿ ಎಂದು ನೀವು ಯಾರೂ ಪೀಡಿಸಬೇಡಿ. ತಿನ್ನುವ ಉಪ್ಪು ಅದು.

ಹೋಗುವುದಾದರೆ ಮೇ ತಿಂಗಳಿಂದ ಸೆಪ್ಟೆಂಬರ್ ಒಳಗೆ ಹೋಗಿ. ಮಳೆಗಾಲದಲ್ಲಿ ಎಲ್ಲ ಕೆಸರು ಬಣ್ಣ. ನಮ್ಮಲ್ಲಿ ಮಳೆ ಶುರುವಾಗಿ ಆಗರ ಮುಳುಗುವ ಹೊತ್ತಿಗೆ ಅಲ್ಲಿ ಉಪ್ಪಿನ ಸುಗ್ಗಿ.

---

ಗೌಡರ ಗಡ್ಡೆ | ಜೂನ್ 10, ಬೆಳಗ್ಗೆ 6:05

ನಾನು ಹಾಸನದ ಆಲೂಗಡ್ಡೆ ಬೆಳೆಗಾರ. ಪೆರುವಿಗೆ ಹೋಗಿಲ್ಲ, ಹೋಗುವ ಯೋಗವೂ ಕಾಣುವುದಿಲ್ಲ. ಆದರೆ ನನ್ನ ಬೆಳೆಯ ತವರು ಅದು ಎಂದು ಗೊತ್ತು. ಪ್ರತಿ ವರ್ಷ ಮುಂಗಾರಿಗೆ ಜಲಂಧರದ ಬಿತ್ತನೆ ಗಡ್ಡೆಗೆ ಸಾಲು ನಿಲ್ಲುವುದು, ಮೋಡ ಮುಚ್ಚಿದರೆ ಅಂಗಮಾರಿ ಬಂದು ಮೂರು ದಿನದಲ್ಲಿ ಹೊಲ ಕಪ್ಪಾಗುವುದು, ಇದೇ ನಮ್ಮ ಬಾಳು. ಎರಡು ಪ್ರಶ್ನೆ. ಆ ಒರಳಿನಂಥ ಗದ್ದೆ ಬೆಳೆ ಪರೀಕ್ಷೆಗೆ ಕಟ್ಟಿದ್ದು ಎಂದು ಓದಿದ್ದೆ, ನಿಜವೇ? ಅಲ್ಲಿಯವರು ಅಂಗಮಾರಿಗೆ ಏನು ಮಾಡುತ್ತಾರೆ?

---

ಬಿಡುವಿನ ಮೇಷ್ಟರು | ಜೂನ್ 10, ಬೆಳಗ್ಗೆ 10:33

ಗೌಡರೇ, ಮೊದಲ ಪ್ರಶ್ನೆಗೆ: ಇರಬಹುದು, ಖಾತ್ರಿಯಿಲ್ಲ. ಜಾನ್ ಅರ್ಲ್ಸ್ ಎಂಬ ವಿದ್ವಾಂಸರು ಮೊರಾಯ್ ಗದ್ದೆಗಳ ಮಣ್ಣಿನ ಉಷ್ಣತೆ ಅಳೆದು, ಒಂದೊಂದು ಮೆಟ್ಟಿಲಿಗೆ ಒಂದೊಂದು ಹವೆ ಇದೆ, ಹಾಗಾಗಿ ಇದು ಬೆಳೆಗಳನ್ನು ಬೇರೆ ಬೇರೆ ಎತ್ತರಕ್ಕೆ ಒಗ್ಗಿಸುವ ಜಾಗವಾಗಿತ್ತು ಎಂದು ವಾದಿಸಿದರು. ಗೈಡುಗಳು ಹದಿನೈದು ಡಿಗ್ರಿ ವ್ಯತ್ಯಾಸ ಎಂದು ಗಿಳಿಪಾಠ ಒಪ್ಪಿಸುವುದು ಅಲ್ಲಿಂದಲೇ ಹುಟ್ಟಿದ್ದು. ಇಂಕಾಗಳಿಗೆ ಲಿಪಿ ಇರಲಿಲ್ಲ, ಗಂಟು ಹಾಕಿದ ದಾರಗಳಲ್ಲಿ ಲೆಕ್ಕ ಇಡುತ್ತಿದ್ದರು. ಹಾಗಾಗಿ ‘ಇದು ನಮ್ಮ ಕೃಷಿ ಸಂಶೋಧನಾ ಕೇಂದ್ರ’ ಎಂಬ ಫಲಕ ಸಿಗುವುದಿಲ್ಲ. ಪೂಜೆಯ ಜಾಗ ಎನ್ನುವವರೂ ಇದ್ದಾರೆ. ಬೆಳೆ ಮತ್ತು ಪೂಜೆ ಬೇರೆ ಬೇರೆ ಎಂದು ಆ ಕಾಲದ ರೈತ ಅಂದುಕೊಂಡಿದ್ದನೇ ಎಂಬುದು ನನ್ನ ಅನುಮಾನ. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಇಡುವ ನಮಗೆ ಇದು ಅರ್ಥವಾಗದ್ದೇನಲ್ಲ.

ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ನೀರಿನ ಕೆಲಸ. ಆ ಬಟ್ಟಲಿನ ತಳದಲ್ಲಿ ಮಳೆನೀರು ನಿಲ್ಲುವುದಿಲ್ಲ, ಇಂಗಿಹೋಗುತ್ತದೆ. ಇಂಕಾಗಳ ಮೆಟ್ಟಿಲುಗದ್ದೆ ಎಂದರೆ ಬರಿಯ ಮಣ್ಣು ತುಂಬಿದ ಕಟ್ಟೆಯಲ್ಲ: ಕೆಳಗೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು, ಕೊನೆಗೆ ಫಲವತ್ತಾದ ಮಣ್ಣು. ಮಾಚು ಪಿಚುವಿನಲ್ಲಿ ಅಗೆದು ನೋಡಿದಾಗ ಹೀಗೇ ಕಂಡಿದೆ. ತೋಟಕ್ಕೆ ಬಸಿಗಾಲುವೆ ಹೊಡೆದವರಿಗೆ ಇದರ ಬೆಲೆ ಗೊತ್ತು. ಅಂಥ ಮೊರಾಯ್‌ನಲ್ಲೂ 2010ರ ವಿಪರೀತ ಮಳೆಗೆ ಒಂದು ಭಾಗ ಕುಸಿಯಿತು, ಆಮೇಲೆ ದುರಸ್ತಿ ಮಾಡಿದರು.

ನೀರನ್ನು ಯುದ್ಧಕ್ಕೂ ಬಳಸಿದರು. 1537ರಲ್ಲಿ ಎರ್ನಾಂಡೊ ಪಿಸಾರೊ ಸ್ಪೇನಿನ ಕುದುರೆ ದಂಡು ಕಟ್ಟಿಕೊಂಡು ಒಯಾಂತೈತಾಂಬೊ ಮೇಲೆ ಏರಿಹೋದಾಗ, ಇಂಕಾ ಅರಸ ಮಾಂಕೊ ಇಂಕಾ ಕಾಲುವೆಗಳನ್ನು ತಿರುಗಿಸಿ ಬಯಲಿಗೆ ನೀರು ಬಿಟ್ಟ. ಕುದುರೆಗಳು ಕೆಸರಿನಲ್ಲಿ ಹೂತುಕೊಂಡವು, ದಂಡು ರಾತ್ರೋರಾತ್ರಿ ಹಿಂದೆ ಸರಿಯಿತು. ಸ್ಪೇನಿನವರು ಬಯಲಿನ ಕಾಳಗದಲ್ಲಿ ಸೋತ ಕೆಲವೇ ಸಂದರ್ಭಗಳಲ್ಲಿ ಇದೊಂದು. ಆಮೇಲೆ ಮಾಂಕೊ ವಿಲ್ಕಾಬಾಂಬಾ ಕಾಡಿಗೆ ಸರಿದ. ಆ ಸಂತತಿಯ ಕೊನೆಯ ಅರಸ ತುಪಾಕ್ ಅಮಾರುವನ್ನು 1572ರಲ್ಲಿ ಕುಸ್ಕೊದ ಚೌಕದಲ್ಲಿ ಕೊಂದರು. ಆಗುಂಬೆಯವರ ತಾಯಿ ಕಾಳು ಹಿತುಕುತ್ತಾ ಕುಳಿತಿದ್ದರಲ್ಲ, ಆ ಓಣಿಯ ಕಾಲುವೆಯೂ ಇಂಕಾಗಳ ಕಾಲದ್ದೇ, ಇಂದಿಗೂ ಬೆಟ್ಟದ ನೀರು ಹರಿಯುತ್ತಿದೆ.

---

ಅರ್ಧ ಟಿಕೆಟ್ | ಜೂನ್ 10, ಮಧ್ಯಾಹ್ನ 1:12

ಗೌಡರ ಎರಡನೆಯ ಪ್ರಶ್ನೆಗೆ ನನಗೆ ಗೊತ್ತಿರುವಷ್ಟು. ಪಿಸಾಕ್ ಮೇಲಿನ ಬೆಟ್ಟಗಳಲ್ಲಿ ಕೆಲವು ಹಳ್ಳಿಗಳು ಸೇರಿ ‘ಆಲೂಗಡ್ಡೆ ಉದ್ಯಾನ’ ನಡೆಸುತ್ತವೆ. ಸಾವಿರಕ್ಕೂ ಹೆಚ್ಚು ತಳಿ ಉಳಿಸಿಕೊಂಡಿದ್ದಾರೆ. ನೇರಳೆ, ಕಪ್ಪು, ಹಳದಿ, ಬೆರಳಿನಂಥದ್ದು, ಹಾವಿನಂಥದ್ದು. ಒಂದೇ ಹೊಲದಲ್ಲಿ ಹತ್ತಾರು ತಳಿ ಬೆರೆಸಿ ಹಾಕುತ್ತಾರೆ, ರೋಗ ಬಂದರೂ ಹಿಮ ಬಿದ್ದರೂ ಎಲ್ಲವೂ ಒಟ್ಟಿಗೆ ಹೋಗುವುದಿಲ್ಲ. ಸೆಖೆ ಹೆಚ್ಚಿದಂತೆ ಆಲೂಗಡ್ಡೆ ಹೊಲಗಳನ್ನು ವರ್ಷದಿಂದ ವರ್ಷಕ್ಕೆ ಬೆಟ್ಟದ ಮೇಲಕ್ಕೆ ಸರಿಸುತ್ತಿದ್ದೇವೆ ಎಂದು ಅಲ್ಲಿಯ ಒಬ್ಬ ಹಿರಿಯರು ಹೇಳಿದರು. ಇನ್ನು ಮೇಲೆ ಬಂಡೆ ಮಾತ್ರ ಉಳಿದಿದೆ ಎಂದರು.

ಗಡ್ಡೆಯನ್ನು ಚಳಿಗಾಲದ ರಾತ್ರಿಯ ಹಿಮಕ್ಕೆ ಒಡ್ಡಿ, ಹಗಲು ಕಾಲಿನಲ್ಲಿ ತುಳಿದು ನೀರು ತೆಗೆದು ಒಣಗಿಸಿ ವರ್ಷಗಟ್ಟಲೆ ಇಡುತ್ತಾರೆ, ಚುನ್ಯೊ ಎಂದು ಹೆಸರು. ನಮ್ಮ ಸಂಡಿಗೆಯ ದೂರದ ನೆಂಟ ಎನ್ನಿ.

ಇನ್ನೊಂದು ತಳಿ ಇದೆ, ಮೈತುಂಬ ಗಂಟು ಗಂಟು. ಅದರ ಹೆಸರಿನ ಅರ್ಥ ‘ಸೊಸೆಯನ್ನು ಅಳಿಸುವುದು’. ಮದುವೆಗೆ ಮೊದಲು ಹುಡುಗಿ ಅದರ ಸಿಪ್ಪೆಯನ್ನು ನಾಜೂಕಾಗಿ ತೆಗೆದು ಅತ್ತೆಗೆ ತೋರಿಸಬೇಕಂತೆ.

---

ಸೊಪ್ಪು ಸಾರು | ಜೂನ್ 10, ಮಧ್ಯಾಹ್ನ 1:30

ಅತ್ತೆಯರು ಎಲ್ಲ ಖಂಡದಲ್ಲೂ ಒಂದೇ.

---

ಗೌಡರ ಗಡ್ಡೆ | ಜೂನ್ 10, ಸಂಜೆ 7:18

ಹತ್ತಾರು ತಳಿ ಬೆರೆಸಿ ಹಾಕಿದರೆ ನಮ್ಮ ಮಂಡಿಯಲ್ಲಿ ಯಾರು ತೆಗೆದುಕೊಳ್ಳುತ್ತಾರೆ? ಒಂದೇ ಗಾತ್ರ, ಒಂದೇ ಬಣ್ಣ ಇಲ್ಲದಿದ್ದರೆ ಚೀಲ ಬಿಚ್ಚಿಯೂ ನೋಡುವುದಿಲ್ಲ. ಅವರದ್ದು ಮನೆಗೆ ಬೆಳೆಯುವ ಲೆಕ್ಕ, ನಮ್ಮದು ಸಾಲ ತೀರಿಸುವ ಲೆಕ್ಕ. ಆದರೂ ಮನೆ ಹಿತ್ತಿಲಿಗೆ ಅಂಥ ನಾಲ್ಕು ಗಡ್ಡೆ ಯಾರಾದರೂ ತಂದುಕೊಡುವಿರಾ?

---

ವೇದಿಕೆ ನಿರ್ವಾಹಕ | ಜೂನ್ 10, ಸಂಜೆ 7:40

ಗೌಡರೇ, ಅನುಮತಿಯಿಲ್ಲದೆ ಹೊರದೇಶದಿಂದ ಬಿತ್ತನೆ ಗಡ್ಡೆ ತರುವುದು ಕಾನೂನಿಗೆ ವಿರುದ್ಧ, ಹೊಸ ರೋಗವೂ ಜೊತೆಗೆ ಬರುತ್ತದೆ. ಆ ಕೋರಿಕೆಯನ್ನು ಇಲ್ಲಿಗೇ ಬಿಡೋಣ.

---

ಹೊಸ ಪಾಸ್‌ಪೋರ್ಟ್ | ಜೂನ್ 11, ಬೆಳಗ್ಗೆ 9:02

ವೀಸಾ ಹೇಗೆ ಮಾಡಿಸಿದಿರಿ?

---

ಆಗುಂಬೆಯವಳು | ಜೂನ್ 11, ಬೆಳಗ್ಗೆ 9:50

ಮಾಡಿಸಲಿಲ್ಲ. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಅಥವಾ ಯುರೋಪಿನ ಷೆಂಗೆನ್ ವೀಸಾ ಆರು ತಿಂಗಳಾದರೂ ಚಾಲ್ತಿಯಲ್ಲಿದ್ದರೆ ಭಾರತೀಯರಿಗೆ ಪೆರು ಪ್ರವಾಸಕ್ಕೆ ಬೇರೆ ವೀಸಾ ಬೇಡ. 2017ರಿಂದ ಈ ಸೌಲಭ್ಯವಿದೆ. ಅಮ್ಮ ನನ್ನ ಬಳಿ ಅಮೆರಿಕಕ್ಕೆ ಬಂದಿದ್ದಳು, ಆ ವೀಸಾವೇ ಸಾಕಾಯಿತು. ನಿಯಮ ಬದಲಾಗುತ್ತಿರುತ್ತದೆ, ಹೊರಡುವ ಮೊದಲು ದೆಹಲಿಯ ಪೆರು ರಾಯಭಾರ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ರೈಲಿಗೂ ಮಾಚು ಪಿಚು ಗೇಟಿಗೂ ಪಾಸ್‌ಪೋರ್ಟ್ ಕೇಳುತ್ತಾರೆ, ಕೋಣೆಯಲ್ಲಿ ಬಿಟ್ಟು ಹೋಗಬೇಡಿ.

---

ಬಿಡುವಿನ ಮೇಷ್ಟರು | ಜೂನ್ 11, ಸಂಜೆ 4:27

ಹೋಗುವವರು ಚಿಂಚೇರೊ ಊರನ್ನೂ ನೋಡಿ, ಬೇಗ ನೋಡಿ. ಅಲ್ಲಿಯ ಬಯಲಿನಲ್ಲಿ ದೊಡ್ಡ ವಿಮಾನ ನಿಲ್ದಾಣದ ಕೆಲಸ ನಡೆಯುತ್ತಿದೆ. ಪುರಾತತ್ವದವರು, ಇತಿಹಾಸಕಾರರು ವಿರೋಧಿಸಿ ಮನವಿ ಸಲ್ಲಿಸಿದ್ದೂ ಆಯಿತು. ಈಗಲೇ ಕಣಿವೆಗೆ ಹೊರಲಾರದಷ್ಟು ಬಸ್ಸುಗಳು. ನೇರವಾಗಿ ವಿಮಾನವೇ ಇಳಿದರೆ ಅಲ್ಲಿಯ ಕೆರೆಯ ನೀರಿಗೂ ಗೋಡೆಗಳಿಗೂ ಏನಾಗುತ್ತದೆಯೋ.

---

ಅರ್ಧ ಟಿಕೆಟ್ | ಜೂನ್ 11, ಸಂಜೆ 4:51

ಮೇಷ್ಟರೇ, ಆ ಊರಿನ ಬಹಳ ಜನರಿಗೆ ನಿಲ್ದಾಣ ಬೇಕಾಗಿದೆ ಎಂಬುದನ್ನೂ ಹೇಳಿ. ನಾನು ತಂಗಿದ್ದ ಮನೆಯ ಹುಡುಗ ಅಲ್ಲೇ ಕೆಲಸಕ್ಕೆ ಸೇರುವ ಕನಸು ಕಾಣುತ್ತಿದ್ದ. ನಾವು ವಿಮಾನದಲ್ಲೇ ಹೋಗಿ ಬಂದು, ಅವರಿಗೆ ವಿಮಾನ ಬೇಡ ಎನ್ನುವುದು ಹೇಗೆ?

---

ಬಿಡುವಿನ ಮೇಷ್ಟರು | ಜೂನ್ 11, ಸಂಜೆ 5:30

ಒಪ್ಪಿದೆ. ನಾನೂ ವಿಮಾನದಲ್ಲೇ ಹೋಗಿದ್ದೆ.

ಚಿಂಚೇರೊದಲ್ಲಿ ನೇಯುವ ಹೆಂಗಸರ ಅಂಗಳಕ್ಕೆ ಹೋದರೆ, ಪಾಪಾಸುಕಳ್ಳಿಯ ಮೇಲಿನ ಬೂದಿಬಣ್ಣದ ಹುಳುವೊಂದನ್ನು ಅಂಗೈಯಲ್ಲಿ ಒರೆಸಿ ತೋರಿಸುತ್ತಾರೆ. ಕ್ಷಣದಲ್ಲಿ ಅಂಗೈ ರಕ್ತಗೆಂಪು. ಅದಕ್ಕೆ ನಿಂಬೆರಸ ಹಿಂಡಿದರೆ ಕಿತ್ತಳೆಯಾಗುತ್ತದೆ. ಇದೇ ಹುಳುವಿನ ಬಣ್ಣದ ಆಸೆಗೆ ಬ್ರಿಟಿಷರು ಹದಿನೆಂಟನೆಯ ಶತಮಾನದ ಕೊನೆಗೆ ಮದ್ರಾಸಿನಲ್ಲಿ ಅದನ್ನು ಸಾಕಲು ಹೊರಟಿದ್ದರು.

---

ಆಗರದ ಹುಡುಗ | ಜೂನ್ 14, ರಾತ್ರಿ 8:55

ಆಗುಂಬೆಯ ಅಕ್ಕ, ಒಂದು ಮಾತು ಕೇಳುವುದು ಮರೆತಿದ್ದೆ. ಮರಾಸ್ ಉಪ್ಪು ತಂದಿರಾ? ನಾನು ತಂದದ್ದನ್ನು ನಮ್ಮ ಆಯಿ ಬಾಯಿಗೆ ಹಾಕಿ ‘ಚಂದ ಇದೆ, ಮಜ್ಜಿಗೆಗೆ ಸರಿ, ಮಿಡಿಗೆ ಆಗದು’ ಎಂದು ತೀರ್ಪು ಕೊಟ್ಟಿದ್ದರು.

---

ಆಗುಂಬೆಯವಳು | ಜೂನ್ 15, ಬೆಳಗ್ಗೆ 7:20

ಅಮ್ಮ ಅರ್ಧ ಕಿಲೋ ತಂದಳು, ತಿಳಿಗುಲಾಬಿ ಬಣ್ಣದ್ದು. ಮೊನ್ನೆ ಊರಿನಲ್ಲಿ ಹಲಸಿನ ಸೊಳೆ ಉಪ್ಪಿಗೆ ಹಾಕುವ ದಿನ ಫೋನು ಮಾಡಿದ್ದೆ. ಒಂದು ಸಣ್ಣ ಬಾಟಲಿಗೆ ಮಾತ್ರ ಮರಾಸ್ ಉಪ್ಪು ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಗುರುತಿಗೆ ಕೆಂಪು ದಾರ ಸುತ್ತಿದ್ದಾಳೆ. ದೊಡ್ಡ ಭರಣಿಗೆ ಅಂಗಡಿಯ ಹರಳುಪ್ಪೇ. ‘ಕೆಟ್ಟರೆ ಒಂದು ಬಾಟಲಿ ಕೆಡಲಿ’ ಎಂದಳು. ಆಷಾಢ ಕಳೆದು ತೆಗೆದಾಗ ನಿಮ್ಮ ಆಯಿಗೆ ವರದಿ ಕಳಿಸುತ್ತೇನೆ.